ಕ್ರೀಮ್ ಪಫ್: ಯೊಕೊಹಾಮದ ಬಂದರಿನಿಂದ ನಮ್ಮ ಸೀಮೆಯ ಕಡೆಗೆ

ಬೆಣ್ಣೆಯೂ ನೀರೂ ಕೂಡಿ ಕುದಿಯುವಾಗ ಮೈದಾವನ್ನು ಒಮ್ಮೆಗೇ ಸುರಿದು, ತಳ ಹಿಡಿಯದಂತೆ ತೊಳಸಿ, ಬಿಸಿ ತಗ್ಗಿದ ತರುವಾಯ ಮೊಟ್ಟೆಗಳನ್ನು ಒಂದೊಂದಾಗಿ ಬೆರೆಸಿದರೆ ಕ್ರೀಮ್ ಪಫ್ಫಿನ ಹಿಟ್ಟು ಸಿದ್ಧವಾಗುತ್ತದೆ. ರಾಗಿಮುದ್ದೆ ತೊಳಸಿದ ಕೈಗೆ ಇದರ ಪೂರ್ವಾರ್ಧ ಅಪರಿಚಿತವಲ್ಲ, ಉತ್ತರಾರ್ಧವೇ ವಿಸ್ಮಯಕರ. ಯೀಸ್ಟಾಗಲಿ ಸೋಡವಾಗಲಿ ಇಲ್ಲದೆ, ಹಿಟ್ಟಿನೊಳಗಣ ನೀರೇ ಒಲೆಯ ತಾಪಕ್ಕೆ ಆವಿಯಾಗಿ ಉಂಡೆಯನ್ನು ಉಬ್ಬಿಸುತ್ತದೆ. ಹೊರಕವಚ ಗಟ್ಟಿಯಾಗಿ ಒಡಲು ಬರಿದಾಗುತ್ತದೆ. ಹಾಲು, ಸಕ್ಕರೆ, ಮೊಟ್ಟೆಯ ಹಳದಿಗಳನ್ನು ಕಾಯಿಸಿದ ಕಸ್ಟರ್ಡು ಆ ಒಡಲನ್ನು ತುಂಬುತ್ತದೆ.

ಫ್ರಾನ್ಸಿನಲ್ಲಿ ಪರಿಷ್ಕಾರ ಹೊಂದಿದ ಈ ಭಕ್ಷ್ಯವು, 1859ರಲ್ಲಿ ವಿದೇಶೀ ವ್ಯಾಪಾರಕ್ಕೆ ತೆರೆದುಕೊಂಡ ಯೊಕೊಹಾಮ ಬಂದರಿನ ಮಾರ್ಗವಾಗಿ ಜಪಾನನ್ನು ಹೊಕ್ಕು, ಅಲ್ಲಿ ‘ಶೂ ಕುರೀಮು’ ಎನಿಸಿಕೊಂಡಿತು. ಟೋಕಿಯೊದ ನಕಮುರಾಯ ಅಂಗಡಿಯ ಸೋಮಾ ದಂಪತಿಗಳು ಅದರ ರುಚಿಗೆ ಮನಸೋತು, ಅಂಥದೇ ಕಸ್ಟರ್ಡನ್ನು ಬನ್ನಿನೊಳಗಿರಿಸಿ 1904ರಲ್ಲಿ ಮಾರತೊಡಗಿದರು. ಬ್ರಿಟಿಷರ ಕಣ್ತಪ್ಪಿಸಿ ಜಪಾನು ಸೇರಿದ್ದ ನಮ್ಮ ಕ್ರಾಂತಿವೀರ ರಾಸ್ ಬಿಹಾರಿ ಬೋಸರನ್ನು 1915ರಲ್ಲಿ ತಮ್ಮ ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದವರು ಇದೇ ದಂಪತಿಗಳು. 1918ರಲ್ಲಿ ಅವರ ಮಗಳು ತೋಶಿಕೊ ಬೋಸರನ್ನು ವರಿಸಿದಳು. 1927ರಲ್ಲಿ ಭಾರತದ ಕೋಳಿಸಾರೂ ಅನ್ನವೂ ಆ ಅಂಗಡಿಯ ಪಟ್ಟಿಗೆ ಸೇರಿದುವು. ಮಿಠಾಯಿಯಂಗಡಿಯೊಂದು ನಮ್ಮ ಸ್ವಾತಂತ್ರ್ಯ ಸಮರದ ಯೋಧನಿಗೆ ಆಸರೆಯಾದ ಈ ವೃತ್ತಾಂತವನ್ನು ನಮ್ಮ ಮಕ್ಕಳು ಅಗತ್ಯವಾಗಿ ಅರಿಯಬೇಕು.

ಜಪಾನಿನ ನಂಟು ನಮ್ಮ ದಾವಣಗೆರೆ ಸೀಮೆಗೂ ದೂರದ್ದಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ಕಟ್ಟಿದ ಉದ್ಯಮ ಮನೆತನವೇ 1997ರಲ್ಲಿ ಟೊಯೋಟಾದೊಡನೆ ಕೈಜೋಡಿಸಿತು. ಬೆಂಗಳೂರಿನ ಬಳಿಯ ಬಿಡದಿಯಲ್ಲಿ ಕಾರುಗಳು ತಯಾರಾದುವು. ಉದ್ಯೋಗನಿಮಿತ್ತ ಬಂದ ಜಪಾನೀಯರ ಹಿಂದೆ ಅವರ ಅಡುಗೆಯೂ ಬೆಂಗಳೂರಿಗೆ ಬಂದಿತು.

ಅಂಥ ಜಪಾನೀ ಪದ್ಧತಿಯ ಅಂಗಡಿಯೊಂದರಲ್ಲಿ ಕ್ರೀಮ್ ಪಫ್ ತಿಂದಾಗ, ಬೆಣ್ಣೆದೋಸೆಯ ದಾವಣಗೆರೆ ಸೀಮೆಯ ಮಾಯಕೊಂಡದವನಾದ ನನ್ನ ನಾಲಗೆ ಮೊದಲು ಗುರುತಿಸಿದ್ದು ಬೆಣ್ಣೆಯನ್ನು. ಕೇಳಿದ ಮೇಲೆಯೇ ಅಂಗಡಿಯ ಹುಡುಗಿ ಟೊಳ್ಳು ಉಂಡೆಯೊಂದನ್ನು ಕೈಗೆತ್ತಿಕೊಂಡು, ಕೊಳವೆಯ ಮೂತಿಯನ್ನು ಅದರೊಳಗೆ ತೂರಿಸಿ, ಅದು ಕೈಯಲ್ಲಿ ಭಾರವಾಗುವವರೆಗೂ ತುಂಬಿದಳು. ಕಚ್ಚಿದೊಡನೆ ಸಿಪ್ಪೆ ಗರಿಗರಿಯಾಗಿ ಮುರಿದು, ತಣ್ಣನೆಯ ಕಸ್ಟರ್ಡು ನಾಲಗೆಗಿಳಿಯಿತು, ಸಿಹಿ ಹಿತಮಿತವಾಗಿತ್ತು. ಈ ಮಿತವೇ ಜಪಾನೀಯರು ಫ್ರೆಂಚ್ ಭಕ್ಷ್ಯಕ್ಕೆ ಕೂಡಿಸಿದ ಸಂಸ್ಕಾರವೆಂದು ನಾನು ಬಗೆಯುತ್ತೇನೆ.

ದಾವಣಗೆರೆಯಿಂದ ನಮ್ಮ ಹಿರಿಯರು ಕಟ್ಟಿಸಿ ತರುತ್ತಿದ್ದ ಕ್ರೀಮ್ ಬನ್ನು ಇದರ ದೂರದ ದಾಯಾದಿ. ಹಾಸನದ ಕಡೆಯ ಶ್ರೀವೈಷ್ಣವ ಮನೆತನಗಳು ಬೇಕರಿ ಕೆಲಸ ಕಲಿತು ನಾಡೆಲ್ಲ ಹರಡಿದ ಅಯ್ಯಂಗಾರ್ ಬೇಕರಿಗಳು, ಮೊಟ್ಟೆಯನ್ನು ವರ್ಜಿಸಿಯೂ ಪಾಶ್ಚಾತ್ಯರ ವಿದ್ಯೆಯನ್ನು ನಮ್ಮದನ್ನಾಗಿಸಿದುವು. ಜಪಾನೀಯರು ಮೊಟ್ಟೆಯನ್ನಿರಿಸಿಕೊಂಡು ಸಿಹಿಯನ್ನು ತಗ್ಗಿಸಿದರು. ಎರಡೂ ಸಾಧನೆಗಳೇ, ಎರಡೂ ಸಮಾನ ಗೌರವಕ್ಕೆ ಅರ್ಹವಾದುವು. ಆದರೆ ಮೊಟ್ಟೆಯಿಲ್ಲದೆ ಈ ಹಿಟ್ಟು ಸರಿಯಾಗಿ ಉಬ್ಬುವುದು ಕಷ್ಟವಾದ್ದರಿಂದ, ಶಾಕಾಹಾರಿಗಳೇ ಬಹುಸಂಖ್ಯೆಯಲ್ಲಿ ನೆರೆಯುವ ನಮ್ಮ ಬೇಕರಿಗಳಿಗೆ ಕ್ರೀಮ್ ಪಫ್ ಬೇಗ ಬರಲಾರದು.

ತಿನ್ನಬಯಸುವವರಿಗೆ ಒಂದು ಮಾತು: ಮೊದಲೇ ತುಂಬಿಸಿಟ್ಟದ್ದನ್ನು ಕೊಳ್ಳಬೇಡಿರಿ. ತೇವ ತಾಗಿದ ಸಿಪ್ಪೆ ಕೆಲವೇ ತಾಸುಗಳಲ್ಲಿ ಮೆತ್ತಗಾಗುತ್ತದೆ; ಕಣ್ಣೆದುರೇ ತುಂಬಿಸಿ ಕೊಡುವ ಅಂಗಡಿಯನ್ನು ಹುಡುಕಿ, ಅಲ್ಲಿಯೇ ನಿಂತು ತಿನ್ನಿರಿ.