ಪರಿಹಾರದ ಹಣದ ಲೆಕ್ಕ ಊರ ಮುಂದಿರಲಿ

2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆಗಳ ಸುತ್ತ ಗುಡ್ಡ ಜರಿದು ಕಾಫಿ, ಮೆಣಸು, ಏಲಕ್ಕಿ ತೋಟಗಳು ಮಣ್ಣಿನೊಡನೆ ಕೆಳಗಿಳಿದುವು. ಮರುವರ್ಷದ ಆಗಸ್ಟಿನಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆಯ ಸರದಿ ಬಂತು. 2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಊರುಗಳೇ ಕೊಚ್ಚಿಹೋದುವು. ಪ್ರತಿ ಸಲವೂ ಮಂತ್ರಿಗಳು ಬರುತ್ತಾರೆ, ಕೋಟಿಗಳ ಮಾತು ಬರುತ್ತದೆ, ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳು ಬರುತ್ತವೆ. ಒಂದೆರಡು ಎಕರೆಯ ಬೆಳೆಗಾರನಿಗೆ ಮಾತ್ರ ಮೂರು ಪ್ರಶ್ನೆ ಉಳಿದೇ ಉಳಿಯುತ್ತವೆ. ಯಾವ ಬಾಬ್ತಿನಿಂದ ಎಷ್ಟು ಬಂತು? ಯಾರ ಹೆಸರಿಗೆ ಹೋಯಿತು? ನನ್ನ ಹೆಸರು ಏಕೆ ಇಲ್ಲ?

ಈ ಮೂರಕ್ಕೂ ಉತ್ತರ ಕೇಳುವ ಹಕ್ಕು ನಮಗಿದೆ. ಅದನ್ನು ಬಳಸುವ ಬಗೆಯನ್ನು ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಹಣ ಎಲ್ಲಿಂದ ಬರುತ್ತದೆ?

2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಪ್ರತಿ ರಾಜ್ಯದಲ್ಲೂ ರಾಜ್ಯ ವಿಪತ್ತು ಪರಿಹಾರ ನಿಧಿ ಇರುತ್ತದೆ. ಕರ್ನಾಟಕದಂಥ ರಾಜ್ಯಗಳಲ್ಲಿ ಇದಕ್ಕೆ ನೂರಕ್ಕೆ 75 ಪಾಲು ಕೇಂದ್ರದ್ದು, 25 ಪಾಲು ರಾಜ್ಯದ್ದು. ಆಪತ್ತು ತೀರ ದೊಡ್ಡದಾದರೆ ರಾಷ್ಟ್ರೀಯ ನಿಧಿಯಿಂದ ಹೆಚ್ಚಿನ ನೆರವು ಕೇಳಬಹುದು. ಇದು ಸರಕಾರದ ಹಣವಾದ್ದರಿಂದ ಮಹಾಲೇಖಪಾಲರ ತಪಾಸಣೆಗೆ ಒಳಪಟ್ಟಿದೆ.

ಮುಖ್ಯಮಂತ್ರಿಗಳ ಪರಿಹಾರ ನಿಧಿ ಇದಕ್ಕಿಂತ ಬೇರೆ. ಅದು ಸಾರ್ವಜನಿಕರು ಕೊಟ್ಟ ದೇಣಿಗೆಯಿಂದ ಬೆಳೆಯುವಂಥದು. 2020ರಲ್ಲಿ ಸ್ಥಾಪನೆಯಾದ ಪಿ.ಎಂ. ಕೇರ್ಸ್ ನಿಧಿಯೂ ದೇಣಿಗೆಯದೇ. ಅದು ಮಾಹಿತಿ ಹಕ್ಕು ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವೆಂಬುದು ಕೇಂದ್ರವು ನ್ಯಾಯಾಲಯದಲ್ಲಿ ತಳೆದ ನಿಲುವು. ಆದುದರಿಂದ ಲೆಕ್ಕ ಕೇಳುವ ಮೊದಲು ಯಾವ ನಿಧಿಯ ಲೆಕ್ಕ ಎಂಬುದನ್ನು ತಿಳಿದುಕೊಳ್ಳಬೇಕು. ಇಲ್ಲವಾದರೆ ಒಂದು ಕಛೇರಿಯವರು ಇನ್ನೊಂದು ಕಛೇರಿಯತ್ತ ಕೈ ತೋರಿಸುತ್ತಾರೆ.

ದರದ ಲೆಕ್ಕ

2022-23ರಿಂದ 2025-26ರವರೆಗಿನ ಅವಧಿಗೆ ಕೇಂದ್ರವು ನಿಗದಿ ಮಾಡಿದ ದರದಂತೆ, ನೂರಕ್ಕೆ 33ಕ್ಕಿಂತ ಕಡಮೆಯಿಲ್ಲದೆ ನಷ್ಟವಾದ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಹೆಚ್ಚೆಂದರೆ 2 ಹೆಕ್ಟೇರಿಗೆ. ಕಾಫಿ, ಅಡಿಕೆ ಎರಡೂ ಈ ವರ್ಗಕ್ಕೆ ಸೇರುತ್ತವೆ. ಒಂದೂವರೆ ಎಕರೆ ತೋಟ ಹಾಳಾದವನಿಗೆ ಈ ಲೆಕ್ಕದಲ್ಲಿ ಬರುವುದು ಸುಮಾರು 13,650 ರೂಪಾಯಿ. ಗುಡ್ಡ ಜರಿದು ಜಮೀನೇ ಹೋದರೆ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಹೆಕ್ಟೇರಿಗೆ 47,000 ರೂಪಾಯಿ.

ರಾಜ್ಯ ಸರಕಾರ ತನ್ನ ಬೊಕ್ಕಸದಿಂದ ಇದಕ್ಕೆ ಸೇರಿಸುವುದೂ ಉಂಟು. 2021ರ ಮಳೆಹಾನಿಗೆ, ಕೇಂದ್ರದ ಆಗಿನ ದರ 18,000 ಇದ್ದಾಗ, ಕರ್ನಾಟಕವು ತೋಟದ ಬೆಳೆಗೆ 28,000 ರೂಪಾಯಿ ಕೊಡಲು ತೀರ್ಮಾನಿಸಿತು. ಹೀಗೆ ದರವು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಆಯಾ ವರ್ಷದ ಆದೇಶದ ಪ್ರತಿ ಕೈಯಲ್ಲಿಲ್ಲದೆ ತನಗೆ ಬಂದದ್ದು ಸರಿಯೋ ತಪ್ಪೋ ಎಂದು ಯಾವ ಬೆಳೆಗಾರನೂ ಹೇಳಲಾರ.

ಈ ಹಣದಿಂದ ತೋಟ ಮತ್ತೆ ಎದ್ದು ನಿಲ್ಲುವುದಿಲ್ಲ. ಅಡಿಕೆ ಸಸಿ ಫಲಕ್ಕೆ ಬರಲು ಎಷ್ಟು ವರ್ಷ ಬೇಕೆಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಕೊಡುವುದೇ ಇಷ್ಟು ಅಲ್ಪವಾಗಿರುವಾಗ ಅದರಲ್ಲಿ ಸೋರಿಕೆಯಾದರೆ, ಅಥವಾ ಅರ್ಹನ ಹೆಸರು ಬಿಟ್ಟುಹೋದರೆ, ಅದು ಆ ವರ್ಷದ ಗೊಬ್ಬರಕ್ಕೋ ಮಕ್ಕಳ ಶಾಲೆಗೋ ಬೀಳುವ ಪೆಟ್ಟು.

ಅಂದಾಜು ಬೇರೆ, ಖರ್ಚು ಬೇರೆ

ವಯನಾಡಿನ ದುರಂತದ ನಂತರ, 2024ರ ಸೆಪ್ಟೆಂಬರಿನಲ್ಲಿ, ಒಂದು ಶವಸಂಸ್ಕಾರಕ್ಕೆ 75,000 ರೂಪಾಯಿ ಖರ್ಚಾಯಿತೆಂಬ ಸುದ್ದಿ ಹಬ್ಬಿ ದೊಡ್ಡ ಗುಲ್ಲಾಯಿತು. ಅದು ಖರ್ಚಲ್ಲ, ಕೇಂದ್ರದ ನೆರವು ಕೇಳಲು ತಯಾರಿಸಿದ ಮನವಿಯಲ್ಲಿನ ಅಂದಾಜು ಎಂದು ಕೇರಳ ಸರಕಾರ ಆಮೇಲೆ ವಿವರಿಸಿತು. ಅಂದಾಜು, ಮಂಜೂರಾತಿ, ಬಿಡುಗಡೆ, ಪಾವತಿ ಇವು ನಾಲ್ಕು ಬೇರೆ ಬೇರೆ ಅಂಕಿಗಳು. ನಾಲ್ಕನ್ನೂ ಮೊದಲೇ ಜನರ ಮುಂದಿಟ್ಟಿದ್ದರೆ ಗುಲ್ಲಿಗೆ ಎಡೆ ಎಲ್ಲಿತ್ತು? ಅದೇ ವರ್ಷದ ಡಿಸೆಂಬರಿನಲ್ಲಿ, ನಿಧಿಯಲ್ಲಿ ಉಳಿದಿರುವ ಹಣದ ಸ್ಪಷ್ಟ ಲೆಕ್ಕ ಕೊಡಿ ಎಂದು ಕೇರಳ ಹೈಕೋರ್ಟು ಸರಕಾರವನ್ನೇ ಕೇಳಬೇಕಾಯಿತು.

ನಮ್ಮ ರಾಜ್ಯದ್ದೂ ನೋಡಿ. 2023ರಲ್ಲಿ 223 ತಾಲೂಕುಗಳು ಬರಪೀಡಿತವೆಂದು ಘೋಷಣೆಯಾದುವು. ರಾಜ್ಯ ಸುಮಾರು 18,171 ಕೋಟಿ ರೂಪಾಯಿ ಕೇಳಿತು. 2024ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಲನ್ನೂ ಹತ್ತಿತು. ಏಪ್ರಿಲಿನಲ್ಲಿ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ರಾಜ್ಯವು ಕೇಂದ್ರವನ್ನು ಕೇಳುತ್ತದೆ, ನ್ಯಾಯಾಲಯ ರಾಜ್ಯವನ್ನು ಕೇಳುತ್ತದೆ. ಗ್ರಾಮದ ಮಟ್ಟದಲ್ಲಿ ಕೇಳುವವರು ಯಾರು? ನಾವೇ ಅಲ್ಲವೆ?

ಲೆಕ್ಕ ಕೇಳಿದ ಬಡವರು

ಈ ಹಾದಿಯನ್ನು ತೋರಿಸಿಕೊಟ್ಟವರು ರಾಜಸ್ಥಾನದ ಕೂಲಿಕಾರರು. ಅಲ್ಲಿ ಬರಗಾಲದ ಪರಿಹಾರ ಕಾಮಗಾರಿಗಳಲ್ಲಿ ದುಡಿದವರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮೊದಲ ಸಾರ್ವಜನಿಕ ವಿಚಾರಣೆ ನಡೆಸಿ, ಸರಕಾರಿ ಲೆಕ್ಕಪತ್ರಗಳ ವಿವರವನ್ನು ಊರಿನವರ ಎದುರು ಗಟ್ಟಿಯಾಗಿ ಓದಿಸಿತು. ಕಾಗದದಲ್ಲಿ ಕೆಲಸ ಮಾಡಿದವರು ಯಾರು, ನಿಜವಾಗಿ ಮಾಡಿದವರು ಯಾರು ಎಂಬುದು ಅಲ್ಲಿಯೇ ಬಯಲಾಯಿತು. ‘ನಮ್ಮ ಹಣ, ನಮ್ಮ ಲೆಕ್ಕ’ ಎಂಬ ಆ ಚಳವಳಿ ಬೆಳೆದು, 2005ರ ಅಕ್ಟೋಬರ್ 12ರಿಂದ ದೇಶದಲ್ಲಿ ಮಾಹಿತಿ ಹಕ್ಕು ಕಾಯಿದೆ ಜಾರಿಗೆ ಬರಲು ದಾರಿಯಾಯಿತು.

ಈ ಕಾಯಿದೆಯ 4ನೆಯ ಕಲಮಿನಂತೆ, ಸಹಾಯಧನದ ಯೋಜನೆಗಳಿಗೆ ಹಂಚಿದ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸುವುದು ಕಛೇರಿಗಳ ಕರ್ತವ್ಯ. ಪ್ರಕಟಿಸದಿದ್ದರೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಕೊಡಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ.

ಸದಸ್ಯರು ಮಾಡಬೇಕಾದದ್ದು

ಮೊದಲನೆಯದು, ಪಹಣಿ ಸರಿಯಿರಲಿ. ತಂದೆ ತೀರಿಕೊಂಡು ಎಷ್ಟೋ ವರ್ಷವಾದರೂ ಪೌತಿ ಖಾತೆ ಮಾಡಿಸದ ಜಮೀನು ಎಷ್ಟಿಲ್ಲ! ಕೊಡಗಿನ ಜಮ್ಮಾ ಜಮೀನುಗಳಲ್ಲಿ ಪಟ್ಟೇದಾರರ ಹೆಸರಿನ ತೊಡಕು ಬೇರೆ. ಪರಿಹಾರದ ಹಣ ಆಧಾರ್ ಜೋಡಿಸಿದ ಬ್ಯಾಂಕು ಖಾತೆಗೆ ನೇರವಾಗಿ ಬರುತ್ತದೆ. ಫ್ರೂಟ್ಸ್ ನೋಂದಣಿಯಲ್ಲಿ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ಮಳೆಗಾಲಕ್ಕೆ ಮುಂಚೆಯೇ ನೋಡಿಕೊಳ್ಳುವುದು ಲೇಸು.

ಎರಡನೆಯದು, ಹಾನಿಯಾದ ಕೂಡಲೆ ಚಿತ್ರ ತೆಗೆದು, ಸರ್ವೆ ನಂಬರು, ವಿಸ್ತೀರ್ಣ, ಗಿಡಗಳ ಸಂಖ್ಯೆ ಬರೆದು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿಗೆ ದಫ್ತರಿನಲ್ಲಿ ಜಾಗವಿಲ್ಲ.

ಮೂರನೆಯದು, ಜಂಟಿ ಸಮೀಕ್ಷೆಗೆ ಬಂದವರು ಎಷ್ಟು ಗುಂಟೆ, ನೂರಕ್ಕೆ ಎಷ್ಟು ನಷ್ಟ ಎಂದು ಬರೆದರೆಂಬುದನ್ನು ಅಲ್ಲಿಯೇ ಕೇಳಿ ಗುರುತು ಹಾಕಿಕೊಳ್ಳಿ. 33ರ ಗೆರೆ ದಾಟದಿದ್ದರೆ ಒಂದು ಕಾಸೂ ಬಾರದು.

ನಾಲ್ಕನೆಯದು, ಗ್ರಾಮಸಭೆಯಲ್ಲಿ ಯಾದಿಯನ್ನು ಓದಿಸಿರಿ. ಹೆಸರು, ಸರ್ವೆ ನಂಬರು, ವಿಸ್ತೀರ್ಣ, ದರ, ಮೊತ್ತ, ಪಾವತಿಯ ತಾರೀಖು ಇಷ್ಟಿದ್ದರೆ ಸಾಕು. ಆಧಾರ್ ಸಂಖ್ಯೆ, ಬ್ಯಾಂಕು ಖಾತೆ ಸಂಖ್ಯೆ ಗೋಡೆಗೆ ಹಚ್ಚುವುದು ಬೇಡ. ಅದರಿಂದ ಮೋಸಗಾರರಿಗೆ ಅನುಕೂಲವೇ ಹೊರತು ಲೆಕ್ಕಕ್ಕೆ ಲಾಭವಿಲ್ಲ. ತಿರಸ್ಕೃತ ಅರ್ಜಿಗಳ ಯಾದಿ ಕಾರಣಸಹಿತ ಪಕ್ಕದಲ್ಲೇ ಇರಬೇಕು. ಬಿಟ್ಟುಹೋದವನಿಗೆ ಬೇಕಾದದ್ದು ಅದೇ.

ಎಲ್ಲ ಅಧಿಕಾರಿಗಳೂ ಅಪ್ರಾಮಾಣಿಕರೆಂದು ನಾವು ಹೇಳುತ್ತಿಲ್ಲ. ಮಳೆಯಲ್ಲಿ ನೆನೆದು ಗುಡ್ಡ ಹತ್ತಿ ಸಮೀಕ್ಷೆ ಮಾಡಿದವರನ್ನು ನಾವು ಕಂಡಿದ್ದೇವೆ. ಯಾದಿ ಬಹಿರಂಗವಾದರೆ ಅಂಥವರಿಗೂ ರಕ್ಷಣೆಯೇ. ಮುಚ್ಚಿಟ್ಟ ಕಾಗದದಿಂದ ಸಂಶಯ ಎಲ್ಲರ ಮೇಲೂ ಬೀಳುತ್ತದೆ.

ಸಹಕಾರ ಸಂಘಗಳಲ್ಲಿ ವರ್ಷಕ್ಕೊಮ್ಮೆ ಮಹಾಸಭೆ ಸೇರಿ ಜಮಾಖರ್ಚು ಓದುತ್ತೇವೆ. ಒಂದೇ ಪಾಲಿನ ಸದಸ್ಯನೂ ಎದ್ದು ನಿಂತು ಇದು ಯಾವ ಖರ್ಚು ಎಂದು ಕೇಳುತ್ತಾನೆ, ಆಡಳಿತ ಮಂಡಲಿ ಉತ್ತರ ಕೊಡುತ್ತದೆ. ಅದನ್ನು ಯಾರೂ ಜಗಳವೆಂದು ತಿಳಿಯುವುದಿಲ್ಲ. ಕೋಟಿಗಳ ಪರಿಹಾರ ನಿಧಿಗೂ ಅದೇ ರೂಢಿ ಬರಬೇಕು. ಮುಂದಿನ ಗ್ರಾಮಸಭೆಗೆ ಪ್ರತಿ ಊರಿನಿಂದ ನಾಲ್ಕು ಮಂದಿ ಬೆಳೆಗಾರರಾದರೂ ಹೋಗಿ, ಕಳೆದ ಮಳೆಗಾಲದ ಯಾದಿಯನ್ನು ಓದಿ ಹೇಳುವಂತೆ ಸಮಾಧಾನದಿಂದ, ಆದರೆ ಬಿಡದೆ, ಕೇಳಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.