ವಸತಿ ಆರೈಕೆಯ ಪರವಾಗಿ ಕುಟುಂಬಗಳ ದನಿ

ಬೆಳವಣಿಗೆಯ ನ್ಯೂನತೆ ಎಂದರೆ ಬಾಲ್ಯದಲ್ಲೇ ಕಾಣಿಸಿಕೊಂಡು ಕಲಿಕೆ, ಮಾತು, ನಡಿಗೆ, ದಿನನಿತ್ಯದ ಸ್ವಾವಲಂಬನೆಗಳನ್ನು ಜೀವನಪರ್ಯಂತ ಬಾಧಿಸುವ ಸ್ಥಿತಿ. ಬೌದ್ಧಿಕ ನ್ಯೂನತೆ, ಆಟಿಸಂ, ಸೆರೆಬ್ರಲ್ ಪಾಲ್ಸಿಗಳು ಇದರಲ್ಲಿ ಸೇರುತ್ತವೆ. ಇಂಥವರಲ್ಲಿ ಪೂರ್ಣವಾಗಿ ಪರಾವಲಂಬಿಗಳಾದವರು ಎಲ್ಲಿ ವಾಸಿಸಬೇಕೆಂಬ ಪ್ರಶ್ನೆ ಅಮೆರಿಕದಲ್ಲಿ ದಶಕಗಳಿಂದ ವಾಗ್ವಾದಕ್ಕೆ ಕಾರಣವಾಗಿದ್ದು, ವಿಚಿತ್ರವೆಂದರೆ ವಾದದ ಎರಡೂ ಬದಿಗಳಲ್ಲಿ ಸಂಬಳವಿಲ್ಲದೆ ದುಡಿಯುವ ತಂದೆತಾಯಿಗಳೂ ಒಡಹುಟ್ಟಿದವರೂ ಇದ್ದಾರೆ.

ನ್ಯೂಯಾರ್ಕಿನ ಸ್ಟ್ಯಾಟನ್ ದ್ವೀಪದಲ್ಲಿದ್ದ, ಬೌದ್ಧಿಕ ನ್ಯೂನತೆಯುಳ್ಳವರ ವಸತಿ ಸಂಸ್ಥೆಯಾದ ವಿಲೋಬ್ರೂಕ್ ಸರ್ಕಾರಿ ಶಾಲೆಯನ್ನು ಸುಮಾರು 4,000 ಮಂದಿಗಾಗಿ ಕಟ್ಟಿದ್ದರೂ 1960ರ ದಶಕದ ನಡುವಿನಲ್ಲಿ ಅಲ್ಲಿ 6,000ದಷ್ಟು ಜನ ತುಂಬಿದ್ದರು. 1972ರಲ್ಲಿ ಟೆಲಿವಿಷನ್ ವರದಿಯೊಂದು ಅಲ್ಲಿನ ಕೊಳಕನ್ನೂ ನಿರ್ಲಕ್ಷ್ಯವನ್ನೂ ದೇಶದ ಮುಂದಿಟ್ಟಿತು, ಪೋಷಕರು ನ್ಯಾಯಾಲಯದ ಮೆಟ್ಟಿಲೇರಿದರು, 1975ರಲ್ಲಿ ಉಭಯ ಪಕ್ಷಗಳ ಒಪ್ಪಿಗೆಯ ತೀರ್ಪು ಬಂತು, 1987ರಲ್ಲಿ ಸಂಸ್ಥೆ ಮುಚ್ಚಿತು. ಕ್ರಮೇಣ, ದೊಡ್ಡ ಸಂಸ್ಥೆಗಳನ್ನು ಮುಚ್ಚಿ ನಿವಾಸಿಗಳನ್ನು ಊರೊಳಗಿನ ಸಣ್ಣ ಮನೆಗಳಿಗೆ ಕಳಿಸುವುದೇ ಸುಧಾರಣೆ ಎನಿಸಿತು.

ಆದರೆ 1971ರ ಕಾನೂನೊಂದರಿಂದಾಗಿ, ಬಡವರಿಗೆ ವೈದ್ಯಕೀಯ ನೆರವು ನೀಡುವ ಮೆಡಿಕೇಡ್ ಯೋಜನೆಯ ಹಣ, ನಿಗದಿತ ಗುಣಮಟ್ಟ ಪಾಲಿಸುವ ವಸತಿ ಕೇಂದ್ರಗಳಿಗೂ ದೊರೆಯತೊಡಗಿತ್ತು. ನಳಿಕೆಯಲ್ಲಿ ಆಹಾರ ಪಡೆಯುವ, ಹಗಲುರಾತ್ರಿ ದಾದಿಯರು ಬೇಕಾದವರ ಕುಟುಂಬಗಳು ಇಂಥ ಕೇಂದ್ರಗಳನ್ನು ಮುಚ್ಚಬಾರದೆಂದು ಶಾಸಕರಿಗೆ ಅಹವಾಲು ಸಲ್ಲಿಸುತ್ತ ಬಂದಿವೆ; ಕೆಟ್ಟ ಸಂಸ್ಥೆಗೆ ಮದ್ದು ಉತ್ತಮ ಸಂಸ್ಥೆಯೇ ಎಂಬ ಅವರ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಓಲ್ಮ್‌ಸ್ಟೆಡ್ ಪ್ರಕರಣದ 1999ರ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅಂಗವಿಕಲರನ್ನು ಅಕಾರಣವಾಗಿ ಸಂಸ್ಥೆಗಳಲ್ಲಿರಿಸುವುದು ತಾರತಮ್ಯವೆಂದು ಹೇಳಿತಾದರೂ, ಹೊರಗಿನ ಬದುಕು ಒಗ್ಗದವರಿಂದ ಸಂಸ್ಥೆಯ ಆರೈಕೆಯನ್ನು ಕಸಿಯಬೇಕೆಂದಾಗಲಿ, ಒಲ್ಲದವರನ್ನು ಸ್ಥಳಾಂತರಿಸಬೇಕೆಂದಾಗಲಿ ಕಾನೂನು ಬಯಸುವುದಿಲ್ಲವೆಂದೂ ಸ್ಪಷ್ಟಪಡಿಸಿತು. ಈ ಕುಟುಂಬಗಳು ಬಲವಾಗಿ ಹಿಡಿದುಕೊಂಡಿರುವುದು ತೀರ್ಪಿನ ಈ ಎರಡನೆಯ ಮಾತನ್ನು.