ಯುದ್ಧನೌಕೆಗಳು ಹೊರಟುಹೋದ ಮೇಲೆ

ಮಕ್ಕಳೇ, ಅಟ್ಲಾಸ್ ತೆಗೆದು ಫಿಲಿಪೀನ್ಸ್ ದೇಶವನ್ನು ಹುಡುಕಿ. ಸಾವಿರಾರು ದ್ವೀಪಗಳ ಆ ದೇಶದಲ್ಲಿ ಎಲ್ಲಕ್ಕಿಂತ ದೊಡ್ಡದು ಲುಜಾನ್. ರಾಜಧಾನಿ ಮನಿಲಾ ಇರುವುದೂ ಅಲ್ಲೇ. ಮನಿಲಾದಿಂದ ವಾಯವ್ಯಕ್ಕೆ ಬೆರಳು ಸರಿಸಿದರೆ, ಬೆಟ್ಟಗಳ ನಡುವೆ ಸಮುದ್ರ ಒಳಗೆ ಬಂದಿರುವ ಒಂದು ಕೊಲ್ಲಿ ಸಿಗುತ್ತದೆ. ಅದೇ ಸುಬಿಕ್ ಕೊಲ್ಲಿ. ದಡದಲ್ಲಿರುವ ಊರಿನ ಹೆಸರು ಒಲೊಂಗಾಪೊ.

ಆಳವಾದ ನೀರು, ಗಾಳಿಗೆ ಅಡ್ಡವಾಗಿ ಬೆಟ್ಟಗಳು. ಹಡಗು ನಿಲ್ಲಿಸಲು ಇಷ್ಟಿದ್ದರೆ ಸಾಕಲ್ಲವೇ? 1885ರ ಹೊತ್ತಿಗೆ ಸ್ಪೇನಿನವರು ಇಲ್ಲಿ ನೌಕಾ ಕಾರ್ಯಾಗಾರ ಕಟ್ಟತೊಡಗಿದರು. 1898ರ ಯುದ್ಧದಲ್ಲಿ ಸ್ಪೇನ್ ಸೋತ ಮೇಲೆ ಜಾಗ ಅಮೆರಿಕದವರ ಪಾಲಾಯಿತು. 1946ರಲ್ಲಿ ಫಿಲಿಪೀನ್ಸ್ ಸ್ವತಂತ್ರವಾದರೂ, ಮರುವರ್ಷವೇ ಒಪ್ಪಂದ ಮಾಡಿಕೊಂಡು ಅಮೆರಿಕದ ಸೇನೆ ಉಳಿದುಕೊಂಡಿತು. 1950ರ ದಶಕದಲ್ಲಿ ಒಂದು ಬೆಟ್ಟವನ್ನೇ ಕಡಿದು, ಕ್ಯೂಬಿ ಪಾಯಿಂಟ್ ಎಂಬಲ್ಲಿ ವಿಮಾನಗಳಿಗೆ ಓಡುದಾರಿ ಮಾಡಿದರು. ವಿಯೆಟ್ನಾಂ ಯುದ್ಧದ ಕಾಲದಲ್ಲಂತೂ ಹಡಗುಗಳ ರಿಪೇರಿಗೆ ಇದು ಬಹುಮುಖ್ಯ ತಾಣವಾಗಿತ್ತು.

ಒಲೊಂಗಾಪೊ ಊರಿನ ಅನ್ನ ಈ ನೆಲೆಯಿಂದಲೇ ಬರುತ್ತಿತ್ತು. ವೆಲ್ಡಿಂಗ್ ಮಾಡುವವರು, ಎಲೆಕ್ಟ್ರಿಷಿಯನ್ನರು, ಗುಮಾಸ್ತರು ಒಳಗೆ ಕೆಲಸಕ್ಕೆ ಹೋಗುತ್ತಿದ್ದರು. ಹೊರಗಿನ ಹೋಟೆಲು, ದರ್ಜಿ ಅಂಗಡಿಗಳು ನಾವಿಕರ ಡಾಲರ್ ನಂಬಿಕೊಂಡಿದ್ದವು.

ಬಿ.ಕಾಂ. ಮುಗಿಸಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದು ನಿವೃತ್ತನಾದವನು ನಾನು. ಕಾರ್ಖಾನೆಯೊಂದರ ಪಕ್ಕದ ಶಾಖೆಯಲ್ಲೂ ಕೆಲವು ವರ್ಷ ಇದ್ದೆ. ಆ ಕಾರ್ಖಾನೆ ನಿಂತ ವರ್ಷ ಮೊದಲು ಕಾರ್ಮಿಕರ ಉಳಿತಾಯ ಖಾತೆಗಳು ಬರಿದಾದವು. ಆಮೇಲೆ ಕಿರಾಣಿ ಅಂಗಡಿಯವರು ಸಾಲದ ಕಂತು ತಪ್ಪಿಸಿದರು. ಕೊನೆಗೆ ಸೈಕಲ್ ಪಂಕ್ಚರ್ ಹಾಕುವವನೂ ಊರು ಬಿಟ್ಟ. ಒಂದೇ ಕಂಬಕ್ಕೆ ಒರಗಿದ ಮಾಡು ಹೇಗೆ ಕುಸಿಯುತ್ತದೆಂದು ಪಾಸ್‌ಬುಕ್ಕುಗಳಲ್ಲಿ ಕಂಡಿದ್ದೇನೆ. ಒಲೊಂಗಾಪೊ ಜನರ ಎದೆ ಎಷ್ಟು ಹೊಡೆದುಕೊಂಡಿರಬೇಕೆಂದು ನನಗೆ ಅದರಿಂದಲೇ ಅಂದಾಜಾಗುತ್ತದೆ.

ಅವರಿಗೆ ಒಂದೇ ವರ್ಷದಲ್ಲಿ ಎರಡು ಪೆಟ್ಟು ಬಿತ್ತು. 1991ರ ಜೂನ್ 15ರಂದು ಪಿನಟುಬೊ ಜ್ವಾಲಾಮುಖಿ ಸಿಡಿಯಿತು. ಅದೇ ದಿನ ಚಂಡಮಾರುತವೂ ಬಂತು. ಬೂದಿ ಮಳೆಯಲ್ಲಿ ನೆಂದು ಭಾರವಾಗಿ ಎಷ್ಟೋ ಚಾವಣಿಗಳು ಕುಸಿದವು. ಸೆಪ್ಟೆಂಬರ್ 16ರಂದು ಫಿಲಿಪೀನ್ಸ್ ಸೆನೆಟ್ ನೆಲೆಯ ಹೊಸ ಒಪ್ಪಂದವನ್ನು ತಿರಸ್ಕರಿಸಿತು. ಬೇಡವೆಂದವರು 12 ಮಂದಿ, ಬೇಕೆಂದವರು 11. ಪರದೇಶದ ಸೇನೆ ನಮ್ಮ ನೆಲದಲ್ಲಿ ಏಕಿರಬೇಕು ಎಂಬುದು ನ್ಯಾಯವಾದ ಪ್ರಶ್ನೆಯೇ. ನಾಳೆ ಒಲೆ ಹೇಗೆ ಉರಿಯಬೇಕು ಎಂಬುದೂ ಅಷ್ಟೇ ನ್ಯಾಯವಾದ ಪ್ರಶ್ನೆ. ನೆಲೆ ಉಳಿಯಲಿ ಎಂದು ಹೋರಾಡಿದವರಲ್ಲಿ ಒಲೊಂಗಾಪೊ ಮೇಯರ್ ರಿಚರ್ಡ್ ಗಾರ್ಡನ್ ಒಬ್ಬರು. ಸೋತ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ನೆಲೆಯನ್ನು ವ್ಯಾಪಾರ, ಕೈಗಾರಿಕೆಗಳ ಜಾಗವಾಗಿ ಮಾಡೋಣ ಎಂದು ಹೊರಟರು. 1992ರ ಮಾರ್ಚ್‌ನಲ್ಲಿ ಅದಕ್ಕೊಂದು ಕಾನೂನು ಬಂತು.

ಅಷ್ಟರಲ್ಲಿ ಪಕ್ಕದಲ್ಲೇ ಒಂದು ಪಾಠ ನಡೆದಿತ್ತು. ಪಿನಟುಬೊದ ಇನ್ನೊಂದು ಮಗ್ಗುಲಲ್ಲಿ ಕ್ಲಾರ್ಕ್ ಎಂಬ ಅಮೆರಿಕದ ವಾಯುನೆಲೆ ಇತ್ತು. 1991ರ ನವೆಂಬರ್‌ನಲ್ಲಿ ಅದನ್ನು ಬಿಟ್ಟುಕೊಟ್ಟ ಮೇಲೆ ಲೂಟಿಯಾಯಿತು. ವೈರು, ಕಿಟಕಿ, ಕೊಳಾಯಿ, ಯಾವುದನ್ನೂ ಬಿಡಲಿಲ್ಲ. ಯಾರದೂ ಅಲ್ಲದ ಆಸ್ತಿ ಎಂದರೆ ಎಲ್ಲರಿಗೂ ಕೈ ಚಾಚುವ ಆಸೆ!

1992ರ ನವೆಂಬರ್ 24ರಂದು ಸುಬಿಕ್‌ನಲ್ಲಿ ಅಮೆರಿಕದ ಬಾವುಟ ಇಳಿಯಿತು. ಕೊನೆಯ ಹಡಗು ಹೊರಟಿತು. ಆದರೆ ಇಲ್ಲಿ ಕ್ಲಾರ್ಕ್‌ನ ಕಥೆ ಮರುಕಳಿಸಲಿಲ್ಲ. ಊರಿನ ಸುಮಾರು 8,000 ಜನ ಸ್ವಯಂಸೇವಕರಾಗಿ ಒಳಗೆ ಬಂದರು. ಗೇಟು ಕಾದರು, ಕಸ ಗುಡಿಸಿದರು, ಹುಲ್ಲು ಕತ್ತರಿಸಿದರು, ಕಟ್ಟಡಗಳನ್ನು ನೋಡಿಕೊಂಡರು. ಸಂಬಳವಿಲ್ಲ. ಅವರಲ್ಲಿ ಹಲವರು ಕೆಲಸ ಕಳೆದುಕೊಂಡವರೇ. ಒಂದು ತಾಮ್ರದ ತಂತಿ ಮಾರಿದರೂ ಆ ದಿನದ ಅಕ್ಕಿಗಾಗುತ್ತಿತ್ತು. ಆದರೂ ಕಾದರು. ಹನಿ ಹನಿಗೂಡಿದರೆ ಹಳ್ಳ ಎಂಬ ಮಾತು ಹಣಕ್ಕೆ ಮಾತ್ರವಲ್ಲ, ದುಡಿಮೆಗೂ ಸಲ್ಲುತ್ತದೆ.

ಹೊಸದಾಗಿ ಕಾರ್ಖಾನೆ ಹಾಕುವವರು ಏನು ಕೇಳುತ್ತಾರೆ? ರಸ್ತೆ, ನೀರು, ಕರೆಂಟು, ಸರಕು ಸಾಗಿಸುವ ದಾರಿ, ಕಸುಬು ಬಲ್ಲ ಜನ. ಸುಬಿಕ್‌ನಲ್ಲಿ ಇವೆಲ್ಲ ಉಳಿದುಕೊಂಡಿದ್ದವು. ಹಡಗುಕಟ್ಟೆಯೂ ವಿಮಾನದ ಓಡುದಾರಿಯೂ ಇದ್ದವು. ಸುಂಕವಿಲ್ಲದೆ ಸಾಮಾನು ತರಿಸಿ, ತಯಾರಿಸಿ, ಹೊರದೇಶಕ್ಕೆ ಕಳಿಸಲು ಅವಕಾಶವಿತ್ತು. ಹಲವು ತೆರಿಗೆಗಳ ಬದಲು ಒಟ್ಟು ಆದಾಯದ ಮೇಲೆ ಶೇ. 5 ಕಟ್ಟಿದರೆ ಸಾಕಿತ್ತು. ತೈವಾನಿನ ಏಸರ್ ಕಂಪನಿ ಕಂಪ್ಯೂಟರ್ ಕಾರ್ಖಾನೆ ತೆರೆಯಿತು. ಯುದ್ಧವಿಮಾನಗಳು ಇಳಿಯುತ್ತಿದ್ದ ಕ್ಯೂಬಿ ಪಾಯಿಂಟ್‌ನಲ್ಲಿ 1995ರಿಂದ ಫೆಡೆಕ್ಸ್ ಕಂಪನಿಯ ಪಾರ್ಸೆಲ್ ವಿಮಾನಗಳು ಇಳಿದವು. ಬಾವುಟ ಇಳಿದ ನಾಲ್ಕು ವರ್ಷಕ್ಕೆ, 1996ರ ನವೆಂಬರ್‌ನಲ್ಲಿ, ಏಷ್ಯಾ-ಪೆಸಿಫಿಕ್‌ನ 18 ಸದಸ್ಯರ ಶೃಂಗಸಭೆಗೆ ನಾಯಕರು ಬಂದು ಸೇರಿದ್ದು ಇಲ್ಲೇ.

ಜಮೆ ಬರೆದ ಮೇಲೆ ಖರ್ಚನ್ನೂ ಬರೆಯಬೇಕು. ಸೇನೆ ಬಿಟ್ಟುಹೋದ ಎಣ್ಣೆ, ರಾಸಾಯನಿಕಗಳ ಕೊಳೆ ನೆಲದಲ್ಲಿ ಉಳಿಯಿತು. ಅದನ್ನು ತೊಳೆಯುವ ಹೊಣೆ ಹಳೆಯ ಒಪ್ಪಂದದಲ್ಲಿ ಇರಲೇ ಇಲ್ಲ. 2009ರಲ್ಲಿ ಫೆಡೆಕ್ಸ್ ಕೇಂದ್ರ ಚೀನಾಕ್ಕೆ ಹೋಯಿತು. ಕೊರಿಯಾದ ಹಾಂಜಿನ್ ಕಂಪನಿ ಕಟ್ಟಿದ ಭಾರಿ ಹಡಗು ಕಾರ್ಖಾನೆ 2019ರಲ್ಲಿ ದಿವಾಳಿ ಎದ್ದಿತು. ಫಿಲಿಪೀನ್ಸ್ ಬ್ಯಾಂಕುಗಳಿಗೆ ಅದು ಕೊಡಬೇಕಿದ್ದ ಸಾಲ ಸುಮಾರು 40 ಕೋಟಿ ಡಾಲರ್. ಸಾವಿರಾರು ಜನ ಮತ್ತೆ ಕೆಲಸ ಕಳೆದುಕೊಂಡರು. ಆದರೆ ಈ ಸಲ ಊರು ಕುಸಿಯಲಿಲ್ಲ. ಈಗ ಅಲ್ಲಿ ನಿಂತಿರುವುದು ಒಂದು ಕಂಬವಲ್ಲ, ನೂರಾರು ಸಣ್ಣ-ದೊಡ್ಡ ಕಂಪನಿಗಳು. ನೆಲೆ ಇದ್ದಾಗ ಇದ್ದದ್ದಕ್ಕಿಂತ ಹೆಚ್ಚು ಜನ ಇಂದು ಅಲ್ಲಿ ದುಡಿಯುತ್ತಾರೆ. ಲೂಟಿಯಾದ ಕ್ಲಾರ್ಕ್ ಕೂಡ ನಿಧಾನವಾಗಿ ಎದ್ದು ನಿಂತು, ಈಗ ವಿಮಾನ ನಿಲ್ದಾಣ, ಕಾರ್ಖಾನೆಗಳ ತಾಣವಾಗಿದೆ.

ಇನ್ನೊಂದು ವಿಷಯ ಕೇಳಿ. ನೆಲೆಯ ಬೇಲಿಯೊಳಗೆ ಮರ ಕಡಿಯುವವರು ಹೋಗುವಂತಿರಲಿಲ್ಲ. ಹಾಗಾಗಿ ಅಲ್ಲಿ ದಟ್ಟ ಕಾಡು ಉಳಿದಿದೆ. ರೆಕ್ಕೆ ಬಿಚ್ಚಿದರೆ ಐದಡಿಗೂ ಮೀರುವ ಬಾವಲಿಗಳು ಅಲ್ಲಿನ ಮರಗಳಲ್ಲಿ ತಲೆಕೆಳಗಾಗಿ ತೂಗುತ್ತವೆ. ಆ ಕಾಡಿನ ಮೂಲನಿವಾಸಿಗಳು ಐಟಾ ಜನ. ಹಿಂದೆ ಅಮೆರಿಕದ ಸೈನಿಕರಿಗೆ, ಕಾಡಿನಲ್ಲಿ ಬದುಕುವುದನ್ನು ಕಲಿಸುತ್ತಿದ್ದವರು ಅವರೇ. ಬಿದಿರು ಉಜ್ಜಿ ಬೆಂಕಿ ಹೊತ್ತಿಸುವ ಅದೇ ವಿದ್ಯೆಯನ್ನು ಈಗ ನೋಡಲು ಬಂದವರಿಗೆ ತೋರಿಸುತ್ತಾರೆ, ಶಾಲೆಯ ಮಕ್ಕಳಿಗೂ ಸಹ.